ಸರ್ ಜಗದೀಶ್ ಚಂದ್ರ ಬೋಸ್: ಅರೆವಾಹಕ ಯುಗದ ಮುಂಬೆಳಗು

ಜಗದೀಶ್ ಚಂದ್ರ ಬೋಸ್ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಸಸ್ಯಗಳ ಮೇಲೆ ಅವರು ನಡೆಸಿದ ಪ್ರಯೋಗಗಳು. ಆದರೆ ರೇಡಿಯೋ, ಟಿ.ವಿ., ಕಂಪ್ಯೂಟರ್, ಮೊಬೈಲ್ ಇವೆಲ್ಲದರ ಒಳಗೆ ಕೆಲಸ ಮಾಡುವ ಅರೆವಾಹಕ ಸಾಧನಗಳ ಚರಿತ್ರೆಯ ಮೊದಲ ಪುಟಗಳಲ್ಲಿಯೂ ಅವರ ಹೆಸರಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ರೆಸಿಸ್ಟರ್, ಕೆಪಾಸಿಟರ್, ಡಯೋಡ್, ಟ್ರಾನ್ಸಿಸ್ಟರ್ ಇವುಗಳ ವ್ಯತ್ಯಾಸವನ್ನು ನಮ್ಮ ಮಕ್ಕಳು ಕೋಷ್ಟಕ ಹಾಕಿ ಬಾಯಿಪಾಠ ಮಾಡುತ್ತಾರೆ. ಬೋಸ್ ಅವರ ಬದುಕನ್ನು ಓದಿದರೆ ಆ ಕೋಷ್ಟಕದ ಹಿಂದಿರುವ ಅರ್ಥ ತಾನಾಗಿಯೇ ತಿಳಿಯುತ್ತದೆ.

ಬೋಸ್ ಅವರು 1858ರ ನವೆಂಬರ್ 30ರಂದು ಇಂದಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನ್ ಚಂದ್ರ ಬೋಸ್ ಸರ್ಕಾರಿ ಅಧಿಕಾರಿಯಾಗಿದ್ದರು. ಅಂದು ಉಳ್ಳವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ಪ್ರತಿಷ್ಠೆಯಾಗಿತ್ತು. ಆದರೆ ಈ ತಂದೆ ಮಗನನ್ನು ಬಂಗಾಳಿ ಶಾಲೆಗೇ ಸೇರಿಸಿದರು. ಮಗು ಮೊದಲು ತನ್ನ ಮಾತೃಭಾಷೆಯನ್ನೂ ತನ್ನ ಜನರನ್ನೂ ಅರಿಯಬೇಕೆಂಬುದು ಅವರ ಆಸೆ. ತರಗತಿಯಲ್ಲಿ ಬಾಲಕನ ಒಂದು ಪಕ್ಕದಲ್ಲಿ ತಂದೆಯ ಕಚೇರಿಯ ಮುಸ್ಲಿಂ ಜವಾನನ ಮಗ, ಇನ್ನೊಂದು ಪಕ್ಕದಲ್ಲಿ ಮೀನುಗಾರನ ಮಗ ಕೂರುತ್ತಿದ್ದರು. ಆ ಗೆಳೆಯರು ಹೇಳುತ್ತಿದ್ದ ಹಕ್ಕಿ, ಪ್ರಾಣಿ, ಜಲಚರಗಳ ಕಥೆಗಳಿಂದಲೇ ತನಗೆ ಪ್ರಕೃತಿಯ ಬಗ್ಗೆ ಆಸಕ್ತಿ ಹುಟ್ಟಿತೆಂದು ಬೋಸ್ ಅವರು ಮುಂದೆ ಸ್ಮರಿಸಿದ್ದಾರೆ. ಗೆಳೆಯರು ಮನೆಗೆ ಬಂದರೆ ತಾಯಿ ಯಾವ ಭೇದವನ್ನೂ ಮಾಡದೆ ಎಲ್ಲರಿಗೂ ಊಟ ಬಡಿಸುತ್ತಿದ್ದರು.

ಮುಂದೆ ಕಲ್ಕತ್ತೆಯ ಸೇಂಟ್ ಕ್ಸೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಲಾಫೋಂ ಎಂಬ ಗುರುಗಳು ಪ್ರಯೋಗಗಳ ಮೂಲಕ ಭೌತಶಾಸ್ತ್ರದ ರುಚಿ ಹತ್ತಿಸಿದರು. 1880ರಲ್ಲಿ ವೈದ್ಯಕೀಯ ಕಲಿಯಲು ಇಂಗ್ಲೆಂಡಿಗೆ ಹೋದ ಬೋಸ್ ಅವರು ಅನಾರೋಗ್ಯದಿಂದ ಅದನ್ನು ಬಿಟ್ಟು ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿದರು. ಅಲ್ಲಿ ಖ್ಯಾತ ವಿಜ್ಞಾನಿ ಲಾರ್ಡ್ ರೇಲಿ ಅವರ ಗುರುಗಳಾಗಿದ್ದರು.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ಅಧ್ಯಾಪಕ ಹುದ್ದೆ ದೊರೆಯಿತು. ಆದರೆ ಅದೇ ಕೆಲಸಕ್ಕೆ ಯುರೋಪಿಯನ್ನರಿಗೆ ಕೊಡುತ್ತಿದ್ದ ಸಂಬಳದ ಮೂರನೇ ಎರಡು ಭಾಗ ಮಾತ್ರ ಭಾರತೀಯರಿಗೆ. ಹುದ್ದೆ ಹಂಗಾಮಿ ಎಂದು ಅದರಲ್ಲಿಯೂ ಅರ್ಧ ಕಡಿತ. ಬೋಸ್ ಅವರು ಕೂಗಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಸಂಬಳವನ್ನು ಮಾತ್ರ ಮುಟ್ಟದೆ ಮೂರು ವರ್ಷ ಶ್ರದ್ಧೆಯಿಂದ ಪಾಠ ಮಾಡಿದರು. ಆಗ ತಂದೆಯ ಸಾಲದ ಹೊರೆ ಮನೆಯ ಮೇಲಿತ್ತು, ಈ ನಡುವೆ 1887ರಲ್ಲಿ ಮದುವೆಯೂ ಆಯಿತು. ಕೊನೆಗೆ ಸರ್ಕಾರವೇ ಮಣಿದು ಪೂರ್ಣ ಸಂಬಳವನ್ನು ಹಿಂದಿನ ಬಾಕಿಯೊಂದಿಗೆ ನೀಡಿತು. ಆ ಹಣದಿಂದ ಅವರು ತಂದೆಯ ಸಾಲ ತೀರಿಸಿದರು.

ಸಂಶೋಧನೆಗೆ ಕಾಲೇಜಿನಲ್ಲಿ ಸರಿಯಾದ ಪ್ರಯೋಗಾಲಯವಿರಲಿಲ್ಲ. ಒಂದು ಪುಟ್ಟ ಕೋಣೆಯಲ್ಲಿ, ಸ್ಥಳೀಯ ಕಸುಬುದಾರರಿಂದ ಮಾಡಿಸಿದ ಉಪಕರಣಗಳಿಂದ 1894ರ ಸುಮಾರಿಗೆ ವಿದ್ಯುತ್ಕಾಂತೀಯ ಅಲೆಗಳ ಅಧ್ಯಯನ ಆರಂಭವಾಯಿತು. ಇತರರು ಬಳಸುತ್ತಿದ್ದ ಉದ್ದದ ಅಲೆಗಳ ಬದಲು ಬೋಸ್ ಅವರು ಸುಮಾರು 5 ಮಿಲಿಮೀಟರ್‌ನಷ್ಟು ಗಿಡ್ಡ ಅಲೆಗಳನ್ನು ಉತ್ಪಾದಿಸಿದರು. ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ತವರದ ತೆಳುಹಾಳೆ ಇಟ್ಟು, ಹುರಿ ಮಾಡಿದ ಸೆಣಬನ್ನು ಬಳಸಿ, ಈ ಅಲೆಗಳೂ ಬೆಳಕಿನಂತೆಯೇ ವರ್ತಿಸುತ್ತವೆ ಎಂದು ತೋರಿಸಿದರು. ಕಲ್ಕತ್ತೆಯ ಟೌನ್‌ಹಾಲ್‌ನಲ್ಲಿ ಗೋಡೆಗಳ ಆಚೆಯಿಂದ ತಂತಿಯಿಲ್ಲದೆ ಗಂಟೆ ಬಾರಿಸಿ, ಮದ್ದಿನಪುಡಿ ಸಿಡಿಸಿ ನೆರೆದವರನ್ನು ಬೆರಗುಗೊಳಿಸಿದರು.

ಇಲ್ಲಿ ಒಂದು ತೊಡಕಿತ್ತು. ಕಣ್ಣಿಗೆ ಕಾಣದ ಅಲೆ ಬಂತೆಂದು ತಿಳಿಯುವುದು ಹೇಗೆ? ಆಗ ಕೊಹಿರರ್ ಎಂಬ ಸಾಧನ ಬಳಕೆಯಲ್ಲಿತ್ತು. ಅದು ಗಾಜಿನ ಕೊಳವೆಯಲ್ಲಿ ತುಂಬಿದ ಲೋಹದ ಪುಡಿ. ಅಲೆ ತಾಗಿದಾಗ ಪುಡಿ ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ ಹರಿಯಲು ಬಿಡುತ್ತಿತ್ತು. ಮುಂದಿನ ಅಲೆಯನ್ನು ಗುರುತಿಸಲು ಅದನ್ನು ಪ್ರತಿಸಲವೂ ತಟ್ಟಿ ಬಿಡಿಸಬೇಕಾಗಿತ್ತು. ಬೋಸ್ ಅವರು ಇದನ್ನು ಸುಧಾರಿಸುತ್ತಾ ಹತ್ತಾರು ಲೋಹಗಳನ್ನೂ ಖನಿಜಗಳನ್ನೂ ಪರೀಕ್ಷಿಸಿದರು. ಕೊನೆಗೆ ಅವರ ಗಮನ ಸೆಳೆದದ್ದು ಗೆಲೀನಾ ಎಂಬ ಸೀಸದ ಅದಿರು. ಹಿಂದೆ ಅನೇಕ ಕಡೆ ಕಣ್ಣಿನ ಸುರ್ಮಾ ತಯಾರಿಸಲು ಅರೆಯುತ್ತಿದ್ದ ಹೊಳಪಿನ ಕಪ್ಪು ಕಲ್ಲು ಇದೇ. ಸೀಸ ವಿಷವಾದ್ದರಿಂದ ಅಂತಹ ಸುರ್ಮಾ ಬೇಡವೆಂದು ವೈದ್ಯರು ಹೇಳುತ್ತಾರೆ.

ಈ ಕಲ್ಲಿನ ವಿಶೇಷವೇನು? ಒಂದು ರೆಸಿಸ್ಟರ್‌ಗೆ ವೋಲ್ಟೇಜ್ ಎರಡು ಪಟ್ಟು ಕೊಟ್ಟರೆ ವಿದ್ಯುತ್ತೂ ಎರಡು ಪಟ್ಟು ಹರಿಯುತ್ತದೆ. ತಿರುಗಿಸಿ ಜೋಡಿಸಿದರೂ ವ್ಯತ್ಯಾಸವಿಲ್ಲ. ಇದನ್ನು ನಕ್ಷೆಯಲ್ಲಿ ಬರೆದರೆ ನೇರ ಗೆರೆ ಬರುತ್ತದೆ. ಗೆಲೀನಾ ಮೇಲೆ ಲೋಹದ ಮೊನೆ ಇಟ್ಟಾಗ ಬರುವುದು ನೇರ ಗೆರೆಯಲ್ಲ, ಬಾಗಿದ ರೇಖೆ. ಒಂದು ದಿಕ್ಕಿಗೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಎದುರು ದಿಕ್ಕಿಗೆ ಬಹಳ ಕಡಿಮೆ. ಇಂತಹ ಖನಿಜಗಳ ಈ ಗುಣವನ್ನು ಜರ್ಮನಿಯ ಫರ್ಡಿನಾಂಡ್ ಬ್ರೌನ್ 1874ರಲ್ಲಿಯೇ ಕಂಡಿದ್ದರು. ಅಲೆಗಳನ್ನು ಗುರುತಿಸಲು ಅದನ್ನು ಬಳಸಿ ಸಾಧನವಾಗಿ ರೂಪಿಸಿದವರು ಬೋಸ್. ಅಲೆಯಿಂದ ಹುಟ್ಟುವ ವಿದ್ಯುತ್ತು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಸಾಮಾನ್ಯ ತಂತಿಯಲ್ಲಿ ಎರಡೂ ಸರಿದೂಗಿ ಮಾಪಕದ ಮುಳ್ಳು ಅಲುಗುವುದಿಲ್ಲ. ಒಂದೇ ಕಡೆಗೆ ತೆರೆಯುವ ಬಾಗಿಲಿನಂತಹ ಸಾಧನವಿದ್ದರೆ ಒಂದು ದಿಕ್ಕಿನ ವಿದ್ಯುತ್ತು ಉಳಿದು ಮುಳ್ಳು ಸರಿಯುತ್ತದೆ. ತಟ್ಟಬೇಕಾದ ಅಗತ್ಯವೂ ಇಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ರೆಸಿಸ್ಟರ್ ವಿದ್ಯುತ್ತನ್ನು ತಡೆಯುತ್ತದೆ. ಕೆಪಾಸಿಟರ್ ವಿದ್ಯುದಾವೇಶವನ್ನು ಕೂಡಿಡುತ್ತದೆ. ಕಾಯಿಲ್ ಕಾಂತಕ್ಷೇತ್ರದಲ್ಲಿ ಶಕ್ತಿಯನ್ನು ಹಿಡಿದಿಡುತ್ತದೆ. ಇವು ಸಾಮಾನ್ಯ ಬಿಡಿಭಾಗಗಳು. ಕೆಲವು ಕೆಪಾಸಿಟರ್‌ಗಳ ಮೇಲೆ ಧನ, ಋಣ ಗುರುತಿರುತ್ತದೆ ನಿಜ. ಅದು ಅವು ಕೆಡದಿರಲೆಂದು, ಅವು ಡಯೋಡ್‌ಗಳಲ್ಲ. ಡಯೋಡ್ ಅರೆವಾಹಕದಿಂದ ಮಾಡಿದ ಏಕಮುಖ ದಾರಿ. ಲೋಹ ಬಿಸಿಯಾದರೆ ಅದರ ರೋಧ ಹೆಚ್ಚುತ್ತದೆ, ಶುದ್ಧ ಅರೆವಾಹಕ ಬಿಸಿಯಾದರೆ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ಬೋಸ್ ಅವರಿಗೆ ಸಂಶೋಧನೆಯಿಂದ ಹಣ ಮಾಡುವುದು ಇಷ್ಟವಿರಲಿಲ್ಲ. ಗೆಳತಿ ಸಾರಾ ಬುಲ್ ಅವರ ಒತ್ತಾಯದಿಂದ 1901ರ ಸೆಪ್ಟೆಂಬರ್ 30ರಂದು ಅಮೆರಿಕದಲ್ಲಿ ಅರ್ಜಿ ಹಾಕಲಾಯಿತು. 1904ರ ಮಾರ್ಚ್ 29ರಂದು 755840 ಸಂಖ್ಯೆಯ ಪೇಟೆಂಟ್ ದೊರೆಯಿತು. ಅರೆವಾಹಕ ಸಾಧನವೊಂದಕ್ಕೆ ಸಿಕ್ಕ ಮೊದಲ ಪೇಟೆಂಟ್ ಇದೆಂದು ಪರಿಗಣಿಸಲಾಗಿದೆ. ಅವರು ಅದರಿಂದ ಲಾಭ ಪಡೆಯಲಿಲ್ಲ, ಅವಧಿ ಮುಗಿಯಲು ಬಿಟ್ಟರು. ಅವರ ಸಾಧನ ಬೆಳಕಿಗೂ ಸ್ಪಂದಿಸುತ್ತಿತ್ತು. ಇಂದಿನ ಫೋಟೋಡಯೋಡ್‌ನ ಕೆಲಸವೂ ಅದೇ.

ಬೋಸ್ ಅವರು ಆ ನಂತರ ಸಸ್ಯಗಳ ಅಧ್ಯಯನದತ್ತ ಹೊರಳಿದರು. ಸಸ್ಯದ ಅತಿ ಸೂಕ್ಷ್ಮ ಬೆಳವಣಿಗೆಯನ್ನು ಅಳೆಯುವ ಕ್ರೆಸ್ಕೋಗ್ರಾಫ್ ನಿರ್ಮಿಸಿದರು. 1917ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ನವೆಂಬರ್ 30ರಂದು ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಸಂಸ್ಥೆಯನ್ನು ತೆರೆದರು. 1920ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1937ರ ನವೆಂಬರ್ 23ರಂದು ಗಿರಿದಿಯಲ್ಲಿ ನಿಧನರಾದರು.

ಅವರು ತೀರಿಕೊಂಡ ಹತ್ತು ವರ್ಷಗಳ ನಂತರ, 1947ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಡಯೋಡ್‌ಗೆ ಎರಡು ಕಾಲು, ಟ್ರಾನ್ಸಿಸ್ಟರ್‌ಗೆ ಮೂರು. ಡಯೋಡ್ ದಾರಿ ತೋರಿಸುತ್ತದೆ. ಟ್ರಾನ್ಸಿಸ್ಟರ್ ಸಣ್ಣ ಸಂಕೇತದಿಂದ ದೊಡ್ಡ ವಿದ್ಯುತ್ತನ್ನು ನಿಯಂತ್ರಿಸುತ್ತದೆ, ಸಂಕೇತವನ್ನು ವರ್ಧಿಸುತ್ತದೆ. ಎಲ್.ಇ.ಡಿ. ಸಹ ಒಂದು ಡಯೋಡ್. ವಿದ್ಯುತ್ ಹರಿದಾಗ ಬೆಳಕು ಕೊಡುತ್ತದೆ. 2012ರಲ್ಲಿ ಎಲೆಕ್ಟ್ರಾನಿಕ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಇ.ಇ.ಇ., ಕಲ್ಕತ್ತೆಯಲ್ಲಿ ಬೋಸ್ ನಡೆಸಿದ ಕಿರು ಅಲೆಗಳ ಪ್ರಯೋಗವನ್ನು ಚರಿತ್ರೆಯ ಮೈಲಿಗಲ್ಲೆಂದು ಗೌರವಿಸಿತು.

ಪ್ರಿಯ ವಿದ್ಯಾರ್ಥಿಗಳೇ, ಎರಡು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬ್, ಒಂದು ಡಯೋಡ್ ತೆಗೆದುಕೊಳ್ಳಿ. ಸಾಲಾಗಿ ಜೋಡಿಸಿ ನೋಡಿ. ಡಯೋಡ್ ತಿರುಗಿಸಿದರೆ ಬಲ್ಬ್ ಆರುತ್ತದೆ. ಅದರ ಜಾಗದಲ್ಲಿ ಕಡಿಮೆ ಓಮ್‌ನ ರೆಸಿಸ್ಟರ್ ಇಟ್ಟರೆ, ಹೇಗೆ ತಿರುಗಿಸಿದರೂ ಬಲ್ಬ್ ಒಂದೇ ರೀತಿ ಮಂದವಾಗಿ ಉರಿಯುತ್ತದೆ. ಹೊರಗಿನ ಆಕಾರದಿಂದ ಇವು ಒಂದೇ ತರಹ ಕಾಣಬಹುದು. ಗುಣ ತಿಳಿಯುವುದು ಪರೀಕ್ಷಿಸಿದಾಗಲೇ. ಮಾತೃಭಾಷೆಯ ಶಾಲೆಯಲ್ಲಿ ಓದಿ, ಪುಟ್ಟ ಕೋಣೆಯಲ್ಲಿ ಅಳೆದು ನೋಡಿ ಕಲಿತ ಬೋಸ್ ಅವರ ಹಾದಿ ಉರ್ದು, ಕನ್ನಡ ಶಾಲೆಗಳ ನಮ್ಮ ಮಕ್ಕಳಿಗೂ ತೆರೆದೇ ಇದೆ.