ವಿದ್ಯಾರ್ಥಿಗಳಿಗೆ ನೆಲೆಯಿತ್ತ ಶ್ರೀ ಗುಬ್ಬಿ ತೋಟದಪ್ಪನವರು

ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ವಿದ್ಯೆಯು ಬೇರೂರುತ್ತಿದ್ದ ಕಾಲದಲ್ಲಿ ಹಳ್ಳಿಯ ಬಾಲಕನಿಗೆ ಕಾಲೇಜಿನ ಬಾಗಿಲನ್ನು ದಾಟುವುದಕ್ಕಿಂತಲೂ ರಾತ್ರಿ ತಲೆಯಿಡಲು ಒಂದು ಎಡೆಯನ್ನು ಪಡೆಯುವುದೇ ಕಠಿನವಾಗಿದ್ದಿತು. 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆದ ಬೆಂಗಳೂರಿನ ವಿದ್ಯಾಲಯವು ಸಂಸ್ಥಾನದ ನಾನಾ ಸೀಮೆಗಳ ತರುಣರನ್ನು ಸೆಳೆಯುತ್ತಿದ್ದಿತು. ಕಾಲೇಜು ಪಾಠವನ್ನು ಹೇಳಬಲ್ಲದಾಗಿದ್ದಿತೇ ಹೊರತು ಬಂದವರಿಗೆಲ್ಲ ಇರುವ ಮನೆಯನ್ನೂ ಉಣ್ಣುವ ಅನ್ನವನ್ನೂ ಒದಗಿಸಬಲ್ಲದಾಗಿರಲಿಲ್ಲ. ಬಂಧುಗಳಿದ್ದವರು ಅವರ ಮನೆಯ ಜಗಲಿಯಲ್ಲಿ ಹಾಸಿಗೆ ಬಿಡಿಸುತ್ತಿದ್ದರು. ಇಲ್ಲದವರಿಗೆ ಬಾಡಿಗೆಯ ಕೋಣೆ, ಇಲ್ಲವೆ ದಿನಕ್ಕೊಂದು ಮನೆಯ ವಾರಾನ್ನ. ಸ್ನಾನ ಲಿಂಗಪೂಜೆಗಳನ್ನು ಮುಗಿಸಿಯೇ ಪ್ರಸಾದವನ್ನು ಸ್ವೀಕರಿಸುವ ಮನೆತನದ ಹುಡುಗನಿಗೆ ಪರಸ್ಥಳದಲ್ಲಿ ಈ ತೊಡಕು ಇಮ್ಮಡಿಯಾಗುತ್ತಿದ್ದಿತು. ಬುದ್ಧಿಯಿದ್ದೂ ನೆಲೆಯಿಲ್ಲವೆಂಬ ಒಂದೇ ಕಾರಣದಿಂದ ಊರಿಗೆ ಹಿಂದಿರುಗಿ ನೇಗಿಲನ್ನೋ ತಕ್ಕಡಿಯನ್ನೋ ಹಿಡಿದವರ ಲೆಕ್ಕವನ್ನು ಯಾವ ಕಾಲೇಜೂ ಇಟ್ಟಿರಲಾರದು.

ಈ ಕೊರತೆಯನ್ನು ಕಂಡು ಮರುಗಿದವರಲ್ಲಿ ಸ್ವತಃ ಕಾಲೇಜಿನ ಪದವೀಧರನಲ್ಲದ ವರ್ತಕರೊಬ್ಬರಿದ್ದರು. ಶ್ರೀ ತೋಟದಪ್ಪನವರು ಜನಿಸಿದುದು 1838ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಲಿಂಗಾಯತ ಮನೆತನ. ಕುಟುಂಬವು ಬೆಂಗಳೂರಿಗೆ ಬಂದು ಹಳೆಯ ಪೇಟೆಯ ಮಾಮೂಲುಪೇಟೆಯಲ್ಲಿ ಸಣ್ಣದಾಗಿ ವ್ಯಾಪಾರವನ್ನು ಹೂಡಿತು. ಆ ವ್ಯಾಪಾರವು ಕ್ರಮೇಣ ಕುದುರಿ ಸಂಪತ್ತು ಕೂಡಿಬಂದಿತು. ಆದರೆ ತೋಟದಪ್ಪನವರಿಗೂ ಅವರ ಧರ್ಮಪತ್ನಿ ಗೌರಮ್ಮನವರಿಗೂ ಸಂತಾನವಾಗಲಿಲ್ಲ. ಮಕ್ಕಳಿಲ್ಲದ ಧನಿಕರ ಮನೆಯಲ್ಲಿ ದತ್ತಕದ ಮಾತು, ದಾಯಾದಿಗಳ ಸುಳಿದಾಟ ಲೋಕರೂಢಿಯೇ. ಈ ದಂಪತಿಗಳು ಗಳಿಸಿದುದನ್ನೆಲ್ಲ ಲೋಕಹಿತಕ್ಕೆ ಮೀಸಲಿಡಲು ನಿಶ್ಚಯಿಸಿದರು. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂಬುದನ್ನು ಓದಿ ಹೇಳುವವರು ಬಹುಮಂದಿ; ಇಡಿಯ ಆಸ್ತಿಯನ್ನೇ ಆ ಲೆಕ್ಕಕ್ಕೆ ಬರೆದುಕೊಟ್ಟವರು ವಿರಳ.

1897ರಲ್ಲಿ ಅವರು ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ರೈಲ್ವೆಯವರಿಂದ ಎರಡೂವರೆ ಎಕರೆ ನೆಲವನ್ನು ಕೊಂಡರು. ಸ್ಥಳದ ಆಯ್ಕೆಯಲ್ಲಿಯೇ ವರ್ತಕನ ವಿವೇಕವು ತೋರುತ್ತದೆ. ಹಿಂದಿನ ದಾನಿಗಳು ಛತ್ರಗಳನ್ನು ಹೆದ್ದಾರಿಯ ಪಕ್ಕದಲ್ಲಿ, ಕೆರೆಕಟ್ಟೆಗಳ ಬಳಿಯಲ್ಲಿ ಕಟ್ಟಿಸುತ್ತಿದ್ದರು. 1880ರ ದಶಕದಲ್ಲಿ ರೈಲುದಾರಿಯು ತುಮಕೂರಿನ ಕಡೆಗೂ ಮೈಸೂರಿನ ಕಡೆಗೂ ಹಬ್ಬಿದ ಮೇಲೆ ಸಂಸ್ಥಾನದ ಜನ ಬೆಂಗಳೂರಿನಲ್ಲಿ ಕಾಲಿಡುತ್ತಿದ್ದುದು ನಿಲ್ದಾಣದಲ್ಲಿ. ಗಂಟುಮೂಟೆಯೊಡನೆ ಇಳಿದ ಅಪರಿಚಿತನಿಗೆ ಮೊದಲು ಕಾಣುವ ಕಡೆಯಲ್ಲಿಯೇ ಆಶ್ರಯವಿರಬೇಕೆಂಬುದು ಅವರ ಯೋಜನೆ. ಮರುವರ್ಷವೇ, 1898ರಲ್ಲಿ, ನಗರಕ್ಕೆ ಪ್ಲೇಗಿನ ಮಾರಿ ಎರಗಿತು. ಇಕ್ಕಟ್ಟಾದ ಪೇಟೆಯ ಓಣಿಗಳಲ್ಲಿ ವಾಸಮಾಡುವುದೆಂದರೆ ಏನೆಂಬುದು ಎಲ್ಲರಿಗೂ ಅರಿವಾಯಿತು.

ತೋಟದಪ್ಪನವರು ಛತ್ರವೊಂದನ್ನೇ ಕಟ್ಟಿಸಿ ತೃಪ್ತರಾಗಿದ್ದರೂ ಲೋಕವು ಅವರನ್ನು ಕೊಂಡಾಡುತ್ತಿದ್ದಿತು. ಆದರೆ ಯಾತ್ರಿಕನ ಅಗತ್ಯ ಬೇರೆ, ವಿದ್ಯಾರ್ಥಿಯ ಅಗತ್ಯ ಬೇರೆ. ಯಾತ್ರಿಕನು ಎರಡು ಮೂರು ದಿನ ತಂಗಿ ಹೊರಟುಹೋಗುತ್ತಾನೆ. ವಿದ್ಯಾರ್ಥಿಯಾದರೋ ವರ್ಷಗಟ್ಟಲೆ ಇರಬೇಕು, ದೀಪ ಹಚ್ಚಿ ಓದಬೇಕು, ಕಾಯಿಲೆ ಬಿದ್ದಾಗ ನೋಡಿಕೊಳ್ಳುವವರು ಬೇಕು. ಅವನಿಗೆ ಕೊಡುವ ಅನ್ನವು ಒಂದು ಹೊತ್ತಿನ ಪುಣ್ಯವಲ್ಲ, ನಿತ್ಯದ ಹೊರೆ. ಆ ಹೊರೆಯನ್ನು ತಿಳಿದೇ ಹೊತ್ತು, ಧರ್ಮಛತ್ರದೊಡನೆ ಉಚಿತ ವಿದ್ಯಾರ್ಥಿನಿಲಯವನ್ನೂ ಅವರು ಏರ್ಪಡಿಸಿದರು.

1903ನೆಯ ಫೆಬ್ರವರಿ 11ರಂದು ಶ್ರೀ ಕೃಷ್ಣರಾಜ ಒಡೆಯರ್ ನಾಲ್ವಡಿಯವರು ಪ್ರಾರಂಭೋತ್ಸವವನ್ನು ನೆರವೇರಿಸಿದರು. ರಾಜ್ಯಾಧಿಕಾರವನ್ನು ವಹಿಸಿಕೊಂಡು ಆರು ತಿಂಗಳಷ್ಟೇ ಆಗಿದ್ದ ಮಹಾರಾಜರಿಗೆ ಆಗಿನ್ನೂ ಹದಿನೆಂಟರ ಪ್ರಾಯ. ಕಾಲೇಜು ಸೇರುವ ಹುಡುಗರ ಪ್ರಾಯವೂ ಹೆಚ್ಚುಕಡಮೆ ಅದೇ.

ಛತ್ರದ ಬಾಗಿಲು ಸರ್ವಮತದ ಯಾತ್ರಿಕರಿಗೂ ತೆರೆದಿದ್ದಿತು. ವಿದ್ಯಾರ್ಥಿನಿಲಯವು ಮಾತ್ರ ಲಿಂಗಾಯತ ಬಾಲಕರಿಗೆ ಮೀಸಲಾಗಿದ್ದಿತು. ನಿಲಯವೂ ಎಲ್ಲರದಾಗಿದ್ದರೆ ಇನ್ನೂ ಲೇಸಾಗುತ್ತಿದ್ದಿತೆಂದು ಇಂದಿನವರಿಗೆ ತೋರಬಹುದು, ತೋರಬೇಕಾದುದೂ ಸಹಜ. ಆದರೆ ಒಕ್ಕಲುತನ ವ್ಯಾಪಾರಗಳನ್ನೇ ನಂಬಿ ಹೊಸ ವಿದ್ಯೆಯಲ್ಲಿ ಹಿಂದುಳಿದಿದ್ದ ಸಮಾಜವು ತನ್ನ ಮಕ್ಕಳ ಭಾರವನ್ನು ತಾನೇ ಹೊರದಿದ್ದರೆ ಹೊರುವವರು ಯಾರೆಂಬ ಪ್ರಶ್ನೆ ಆಗ ಎದುರಿಗಿದ್ದಿತು. ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಹುಟ್ಟಿದುದು ಮರುವರ್ಷ, 1904ರಲ್ಲಿ. ಸಮಾಜವು ವಿದ್ಯೆಯ ಮಾತನ್ನು ಸಭೆಯಲ್ಲಿ ಆಡತೊಡಗುವ ಹೊತ್ತಿಗೆ ಬೆಂಗಳೂರಿನಲ್ಲಿ ಹುಡುಗರಿಗೆ ಎಲೆ ಹಾಕಿಯಾಗಿದ್ದಿತು.

ಮಹಾರಾಜರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನೂ ಆಂಗ್ಲ ಸರ್ಕಾರವು ರಾವ್ ಬಹದ್ದೂರ್ ಪದವಿಯನ್ನೂ ಇತ್ತು ಮನ್ನಿಸಿದರು. ತೋಟದಪ್ಪನವರಿಗೆ ಕಡೆಗಾಲದಲ್ಲಿ ಉಳಿದ ಚಿಂತೆ ಒಂದೇ: ದಾನಿಯು ಕಣ್ಮುಚ್ಚಿದ ಮೇಲೆ ಒಲೆ ಆರಬಾರದು. ಒಡೆಯನ ತರುವಾಯ ಛತ್ರಗಳು ಪಾಳುಬಿದ್ದುದನ್ನು ನಾಡು ಬೇಕಾದಷ್ಟು ಕಂಡಿದ್ದಿತು. ಅದಕ್ಕಾಗಿ ತಮ್ಮ ಸಮಸ್ತ ಆಸ್ತಿಯನ್ನೂ ಧರ್ಮಸಂಸ್ಥೆಗೆ ಒಪ್ಪಿಸಿ, ಅದರ ಅಧ್ಯಕ್ಷತೆಯನ್ನು ಶ್ರೀ ಕೆ. ಪಿ. ಪುಟ್ಟಣ್ಣಚೆಟ್ಟರಿಗೆ ವಹಿಸಿದರು. ಬೆಂಗಳೂರಿನ ಪುರಭವನವು ಹೆಸರನ್ನು ಹೊತ್ತಿರುವುದು ಇದೇ ಪುಟ್ಟಣ್ಣಚೆಟ್ಟರದು. ಬಂಧುವಿಗಿಂತ ಲೆಕ್ಕಪತ್ರ ಬಲ್ಲ ಆಡಳಿತಗಾರನನ್ನು ಆರಿಸಿದುದು ತೋಟದಪ್ಪನವರ ಕೊನೆಯ ವ್ಯವಹಾರ. ಅತ್ಯುತ್ತಮವಾದುದೂ ಅದೇ ಎನ್ನಬೇಕು.

1910ನೆಯ ಫೆಬ್ರವರಿ 21ರಂದು, ತಮ್ಮ 72ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಧರ್ಮಸಂಸ್ಥೆಯು ಅವರ ಹೆಸರಿನಲ್ಲಿಯೇ ಮುಂದುವರಿಯಿತು. ನವೀಕರಿಸಿದ ಛತ್ರವು 2005ರಲ್ಲಿ ಮತ್ತೆ ತೆರೆಯಿತು. ನಿಲ್ದಾಣದ ಬಳಿಯ ಬೀದಿಗೆ ಗುಬ್ಬಿ ತೋಟದಪ್ಪ ರಸ್ತೆಯೆಂದು ಹೆಸರು.