‘ಪಿ’ ಪುಡಿಯನ್ನು ಶೋಧಿಸಿದ ಉಲ್ಫ್ ಫಾನ್ ಆಯ್ಲರ್

ಕೀಮೋಥೆರಪಿಯ ನಂತರ ಕಾಡುವ ವಾಂತಿಯನ್ನು ತಡೆಯಲು ಕ್ಯಾನ್ಸರ್ ರೋಗಿಗಳಿಗೆ ಕೊಡುವ ಅಪ್ರೆಪಿಟೆಂಟ್ ಮಾತ್ರೆಯ ಕಥೆ ಆರಂಭವಾಗುವುದು ಕುದುರೆಯ ಕರುಳಿನಿಂದ. ಆ ಕಥೆಯ ಮೊದಲ ಅಧ್ಯಾಯ ಬರೆದವರು ಸ್ವೀಡನ್ನಿನ ಶರೀರಶಾಸ್ತ್ರಜ್ಞ ಉಲ್ಫ್ ಫಾನ್ ಆಯ್ಲರ್.

ಆಯ್ಲರ್ 1905ರ ಫೆಬ್ರವರಿ 7ರಂದು ಸ್ಟಾಕ್‌ಹೋಮ್‌ನಲ್ಲಿ ಜನಿಸಿದರು. ತಂದೆ ಹಾನ್ಸ್ 1929ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು; ತಾಯಿ ಆಸ್ಟ್ರಿಡ್ ಕ್ಲೆವೆ ಸಸ್ಯವಿಜ್ಞಾನಿ. ಕರೋಲಿನ್ಸ್ಕಾ ಸಂಸ್ಥೆಯಲ್ಲಿ ವೈದ್ಯಕೀಯ ಶಿಕ್ಷಣ ಮುಗಿಸಿದ ಮಗ, ಲಂಡನ್ನಿನಲ್ಲಿ ಹೆನ್ರಿ ಡೇಲ್ ಅವರ ಪ್ರಯೋಗಾಲಯ ಸೇರಿದರು.

ಅಲ್ಲಿ ಅವರು ಹುಡುಕುತ್ತಿದ್ದುದು ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು. ಕರುಳಿನಿಂದ ತೆಗೆದ ಸಾರವು ಮೊಲದ ಕರುಳಿನ ತುಣುಕನ್ನು ಸಂಕುಚಿಸಿತು. ಅಸಿಟೈಲ್‌ಕೋಲಿನ್‌ನ ಕ್ರಿಯೆಯನ್ನು ತಡೆಯುವ ಅಟ್ರೊಪಿನ್ ಹಾಕಿದರೂ ಸಂಕೋಚನ ನಿಲ್ಲಲಿಲ್ಲ. ಇದು ಬೇರೆಯೇ ವಸ್ತುವೆಂದು ಆಯ್ಲರ್ ಹಾಗೂ ಜಾನ್ ಗ್ಯಾಡಮ್ 1931ರಲ್ಲಿ ಪ್ರಕಟಿಸಿದರು. ಕುದುರೆಯ ಕರುಳು, ಮಿದುಳು ಎರಡರಲ್ಲೂ ಅದು ಇತ್ತು. ಪುಡಿಗೆ ಇಟ್ಟಿದ್ದ ಗುರುತು ‘ಪಿ’ಯೇ ಮುಂದೆ ‘ಸಬ್‌ಸ್ಟೆನ್ಸ್ ಪಿ’ ಎಂಬ ಹೆಸರಾಯಿತು.

ಸ್ವದೇಶಕ್ಕೆ ಮರಳಿದ ಆಯ್ಲರ್ 1935ರಲ್ಲಿ ಪ್ರೊಸ್ಟಗ್ಲಾಂಡಿನ್‌ಗೆ ಹೆಸರಿಟ್ಟರು. 1946ರಲ್ಲಿ ದನದ ಗುಲ್ಮದ ನರಗಳಲ್ಲಿ ನಾರ್‌ಅಡ್ರಿನಲಿನ್ ಇರುವುದನ್ನು ತೋರಿಸಿದರು. ನರವಾಹಕಗಳ ಕುರಿತ ಸಂಶೋಧನೆಗಾಗಿ 1970ರ ನೊಬೆಲ್ ಪ್ರಶಸ್ತಿಯನ್ನು ಬರ್ನಾರ್ಡ್ ಕಾಟ್ಸ್, ಜೂಲಿಯಸ್ ಆಕ್ಸೆಲ್‌ರಾಡ್ ಅವರೊಂದಿಗೆ ಹಂಚಿಕೊಂಡರು.

ಕುದುರೆ, ಮೊಲ, ದನ ಎಂಬ ಭೇದವಿಲ್ಲದೆ ಒಂದು ಪ್ರಾಣಿಯಲ್ಲಿ ಕಂಡದ್ದನ್ನು ಇನ್ನೊಂದರಲ್ಲಿ ಪರೀಕ್ಷಿಸುವುದು ಆ ಕಾಲದ ಕ್ರಮ. ಸಬ್‌ಸ್ಟೆನ್ಸ್ ಪಿ ಮಟ್ಟಿಗೆ ಆ ನಂಬಿಕೆ ಸುಳ್ಳಾಗಲಿಲ್ಲ. 1971ರಲ್ಲಿ ಸೂಸನ್ ಲೀಮನ್ ತಂಡ ಅದರ ರಚನೆಯನ್ನು ಬಿಡಿಸಿದಾಗ ಅದು 11 ಅಮೈನೋ ಆಮ್ಲಗಳ ಪೆಪ್ಟೈಡ್ ಎಂದು ತಿಳಿಯಿತು. ಕುದುರೆ, ದನ, ಇಲಿ, ಮನುಷ್ಯ ಎಲ್ಲರಲ್ಲೂ ಅದು ಒಂದೇ. ಆಯ್ಲರ್ 1983ರ ಮಾರ್ಚ್ 9ರಂದು ನಿಧನರಾದರು.

ಅಚ್ಚರಿ ಕಾದಿದ್ದು ಆನಂತರ. ಕೀಲಿಕೈ ಒಂದೇ ಆದರೂ ಅದು ಕೂರುವ ಬೀಗ, ಅಂದರೆ ಜೀವಕೋಶದ ಮೇಲಿನ ಎನ್‌ಕೆ-1 ಗ್ರಾಹಿ, ಪ್ರಾಣಿಯಿಂದ ಪ್ರಾಣಿಗೆ ತುಸು ಭಿನ್ನವಾಗಿತ್ತು. 1991ರಲ್ಲಿ ಫೈಜರ್ ವಿಜ್ಞಾನಿಗಳು ಪ್ರಕಟಿಸಿದ ಸಿಪಿ-96345 ಎಂಬ ಔಷಧವು ಮನುಷ್ಯ ಹಾಗೂ ಗಿನಿಪಿಗ್‌ನ ಗ್ರಾಹಿಯನ್ನು ಬಲವಾಗಿ ತಡೆಯಿತು. ಇಲಿಯಲ್ಲಿ ಅದರ ಹಿಡಿತ ತೀರಾ ದುರ್ಬಲ. ದನದ ಮಿದುಳಿನ ಬದಲು ಇಲಿಯ ಮಿದುಳಿನಲ್ಲಿ ಪರೀಕ್ಷೆ ನಡೆದಿದ್ದರೆ ಅದು ಮೂಲೆಗುಂಪಾಗುವ ಸಂಭವವಿತ್ತು. ಮನುಷ್ಯನ ಗ್ರಾಹಿಯ 407 ಅಮೈನೋ ಆಮ್ಲಗಳಲ್ಲಿ 22 ಮಾತ್ರ ಇಲಿಯದಕ್ಕಿಂತ ಭಿನ್ನ. ಆ ಪೈಕಿ 116 ಮತ್ತು 290ನೇ ಸ್ಥಾನದ ಎರಡನ್ನು ಅದಲುಬದಲು ಮಾಡಿದರೆ ಔಷಧದ ಹಿಡಿತವೂ ಅದಲುಬದಲಾಗುವುದೆಂದು 1992ರಲ್ಲಿ ತಿಳಿಯಿತು.

ಹೀಗಾಗಿ ಮನುಷ್ಯನಿಗೆ ಹತ್ತಿರದ ಗ್ರಾಹಿಯುಳ್ಳ ಗಿನಿಪಿಗ್, ಜರ್ಬಿಲ್, ಫೆರೆಟ್‌ಗಳಿಗೆ ಸಂಶೋಧಕರು ಮೊರೆಹೋದರು. ಇಲಿಗಳಂತೂ ವಾಂತಿಯನ್ನೇ ಮಾಡಲಾರವು, ಫೆರೆಟ್ ಮಾಡುತ್ತದೆ. 2003ರಲ್ಲಿ ಅಪ್ರೆಪಿಟೆಂಟ್‌ಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಪ್ರಾಣಿಗಳಲ್ಲಿ ನೋವನ್ನು ತಗ್ಗಿಸಿದ್ದ ಇದೇ ಬಗೆಯ ಔಷಧಗಳು ಮನುಷ್ಯನ ನೋವಿಗೆ ಫಲ ನೀಡಲಿಲ್ಲ. ಗ್ರಾಹಿ ಹೊಂದಿಕೊಂಡ ಮಾತ್ರಕ್ಕೆ ಕಾಯಿಲೆಯೂ ಹೊಂದಿಕೊಳ್ಳಬೇಕೆಂದಿಲ್ಲ. ಆಯ್ಲರ್ ಗುರುತಿಸಿದ ಪುಡಿ ಕಲಿಸಿದ ಪಾಠ ಅದು.