ಗದ್ದಲಕ್ಕೆ ಜಾಗ ಕಟ್ಟಿದ ಇಂಜಿನಿಯರ್
ಮಧುಗಿರಿ, ಶಿರಾ ಕಡೆ ಕಬಡ್ಡಿ ನೋಡುವಾಗ ನಾವು ಗೆರೆ ಪಕ್ಕದಲ್ಲೇ ನಿಂತು ಕೂಗ್ತೀವಲ್ಲ, ಅಂಥ ಮಜಾನ ಬ್ರಿಟನ್ನಿನ ಫುಟ್‌ಬಾಲ್ ಮೈದಾನಗಳಲ್ಲಿ ಕಟ್ಟಿಕೊಟ್ಟವರು ಆರ್ಚಿಬಾಲ್ಡ್ ಲೀಚ್. 1865ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದರು. ಮೊದಲು ಕಾರ್ಖಾನೆಗಳ ವಿನ್ಯಾಸ ಮಾಡ್ತಿದ್ದರು. 1902ರಲ್ಲಿ ಇವರದೇ ವಿನ್ಯಾಸದ ಐಬ್ರಾಕ್ಸ್ ಮೈದಾನದಲ್ಲಿ ಜನ ನಿಂತಿದ್ದ ಮರದ ಅಟ್ಟಣೆ ಮುರಿದು 25 ಮಂದಿ ಸತ್ತರು. ನಾವಾಗಿದ್ರೆ ಈ ಕೆಲಸದ ಸಹವಾಸವೇ ಬೇಡ ಅಂತಿದ್ವೇನೋ. ಲೀಚ್ ಬಿಡಲಿಲ್ಲ. ಮುಂದೆ ಮಣ್ಣಿನ ದಿಬ್ಬದ ಮೇಲೆ ಮೆಟ್ಟಿಲು ಕಟ್ಟಿಸಿದರು. ಹಿಂದಿನವರ ನೂಕು ಮುಂದಿನವರ ಮೇಲೆ ಬೀಳದ ಹಾಗೆ ನಡುನಡುವೆ ತಡೆಕಂಬಿ ಹಾಕಿಸಿ, ಅದಕ್ಕೆ ಪೇಟೆಂಟನ್ನೂ ಪಡೆದರು. ಆನ್‌ಫೀಲ್ಡ್, ಗುಡಿಸನ್ ಪಾರ್ಕ್‌ಗಳಲ್ಲಿ ಜನ ಆಟಗಾರರಿಗೆ ತೀರಾ ಹತ್ತಿರ. 1939ರಲ್ಲಿ ತೀರಿಕೊಂಡರು. ನಮ್ಮ ಬೆಂಗಳೂರಿನ ಕಂಠೀರವದಲ್ಲಿ ಗ್ಯಾಲರಿಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಲೀಚ್ ನೋಡಿದ್ರೆ ಮೊದಲು ಅದನ್ನೇ ಪ್ರಶ್ನೆ ಮಾಡ್ತಿದ್ರು.